ನೀರಿನ ಮೇಲೆ ಉಳಿದ ಮೊಣಕಾಲು

ಅಮೆರಿಕಾದಿಂದ ಆ ಕಾಗದ ಬರದೇ ಹೋಗಿದ್ದರೆ ಧರ್ಮಪ್ಪ ಮೇಷ್ಟ್ರು ನಿವೃತ್ತಿಯ ಮೊದಲನೇ ವರ್ಷವನ್ನು ಕಾಲು ಚಾಚಿಕೊಂಡು ಸುಖವಾಗಿ ಕಳೆಯುತ್ತಿದ್ದರು. ಬಂತಲ್ಲ, ಏನು ಮಾಡುವುದು? ಎಪ್ಪತ್ತೊಂಬತ್ತನೇ ಇಸವಿ ಜೂನ್ ತಿಂಗಳಲ್ಲಿ ಪೋಸ್ಟ್‌ಮ್ಯಾನ್ ಸೈಕಲ್ಲಿನಿಂದ ಇಳಿಯದೆಯೇ ಜಗುಲಿಗೆ ಎಸೆದು ಹೋದ ದಪ್ಪ ಲಕೋಟೆ ಅದು. ಅವತ್ತು ಹಿಡಿದ ತಲೆನೋವು ಕ್ರಿಸ್ಮಸ್ ಹತ್ತಿರ ಬಂದರೂ ಬಿಡಲಿಲ್ಲ.

ಜಗಳೂರಿನ ಬ್ಯಾಪ್ಟಿಸ್ಟ್ ಕ್ರೈಸ್ತ ಸಭೆ ಅಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ. ಹೆಂಚು ಹೊದಿಸಿದ ಒಂದು ಉದ್ದನೆಯ ಕೋಣೆ, ಮೂವತ್ತನಾಲ್ಕು ಜನ ಸದಸ್ಯರು, ಎರಡು ಸ್ವರ ಹೊರಡದ ಒಂದು ಹಾರ್ಮೋನಿಯಂ. ಸಭಾಪಾಲಕರಾದ ಜಯಪ್ಪನವರು ಇರುವುದು ಚನ್ನಗಿರಿಯಲ್ಲಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಕಡೆಗೆ ಅವರೊಬ್ಬರೇ. ಜಗಳೂರಿಗೆ ತಿಂಗಳಿಗೊಂದು ಭಾನುವಾರ ಬರುತ್ತಾರೆ, ಅದೂ ಬಸ್ಸು ಸಿಕ್ಕರೆ. ಮಿಕ್ಕ ದಿನ ಕಾಗದಪತ್ರ, ಬೀಗದ ಕೈ, ಜಗಳ, ಸಮಾಧಾನ ಎಲ್ಲವೂ ಕಾರ್ಯದರ್ಶಿಯ ತಲೆಗೆ. ಹನ್ನೊಂದು ವರ್ಷದಿಂದ ಆ ತಲೆ ಧರ್ಮಪ್ಪ ಮೇಷ್ಟ್ರದ್ದೇ.

ಕಾಗದ ಬರೆದವರು ಅಮೆರಿಕಾದ ತೆಂಕಣ ಸೀಮೆಯ ಒಂದು ಪಟ್ಟಣದ ಬ್ಯಾಪ್ಟಿಸ್ಟ್ ಸಭೆಯವರು. ಐವತ್ತು ಅರವತ್ತು ವರ್ಷದ ಕೆಳಗೆ ಎಲ್ಲರೂ ಮಿಸ್ಸಮ್ಮ ಎಂದು ಕರೆಯುತ್ತಿದ್ದ ಮಿಷನರಿ ಹೆಂಗಸನ್ನು ಈ ಕಡೆಗೆ ಕಳಿಸಿದ್ದು ಆ ಸಭೆಯೇ. ಈಗ ಅವರ ಸಭೆಗೆ ನೂರ ಇಪ್ಪತ್ತೈದು ವರ್ಷ ತುಂಬುತ್ತದಂತೆ, ಅದಕ್ಕೊಂದು ಚರಿತ್ರೆಯ ಪುಸ್ತಕ ಅಚ್ಚು ಹಾಕಿಸುತ್ತಾರಂತೆ. ಅದರಲ್ಲಿ ಒಂದು ಪುಟ ಜಗಳೂರಿಗೆ. ನಿಮ್ಮ ಸಭೆ ಯಾವಾಗ ಶುರುವಾಯಿತು, ಶುರು ಮಾಡಿದವರು ಯಾರು, ಮೊದಲನೇ ಸದಸ್ಯರು ಯಾರು, ಬರೆದು ಕಳಿಸಿ ಎಂದಿದ್ದರು. ಮಾದರಿಗೆ ಇರಲಿ ಎಂದು ತಮ್ಮ ಎಪ್ಪತ್ತೈದನೇ ವರ್ಷದಲ್ಲಿ ಅಚ್ಚಾದ ಹಳೆಯ ಪುಸ್ತಕವನ್ನೂ ಜೊತೆಗಿಟ್ಟಿದ್ದರು.

ಮೇಷ್ಟ್ರು ನಿಘಂಟು ಪಕ್ಕದಲ್ಲಿಟ್ಟುಕೊಂಡು ಎಂಟು ದಿನ ಅದನ್ನು ಓದಿದರು. ಹನ್ನೊಂದು ಜನ ಹತ್ತಿಯ ಗೋದಾಮಿನಲ್ಲಿ ಕೂತು ಶುರು ಮಾಡಿದ ಸಭೆ. ಅಲ್ಲಿನ ಅಂತರ್ಯುದ್ಧದಲ್ಲಿ ಸುಟ್ಟುಹೋಯಿತು, ಮತ್ತೆ ಇಟ್ಟಿಗೆಯಲ್ಲಿ ಕಟ್ಟಿದರು, ಗಂಟೆ ತೂಗುಹಾಕಿದರು. ಗಂಟೆಯ ತೂಕ ಎಷ್ಟು, ಅದನ್ನು ಎತ್ತಲು ಎಷ್ಟು ಹೇಸರಗತ್ತೆ ಬೇಕಾದವು ಎಂಬುದು ಅರ್ಧ ಪುಟ. ಗಡ್ಡದ ಪಾದ್ರಿಗಳ ಪಟ ಆರು ಪುಟ. ನಡುವೆ ಒಂದೇ ಒಂದು ಸಾಲು: ಯುದ್ಧ ಮುಗಿದ ಎರಡನೇ ವರ್ಷ ನಮ್ಮ ಕರಿಯ ಸದಸ್ಯರು ಮುನ್ನೂರು ಮಂದಿ ಬಿಟ್ಟುಹೋಗಿ ರಸ್ತೆಯಾಚೆ ಬೇರೆ ಸಭೆ ಕಟ್ಟಿಕೊಂಡರು. ಅಷ್ಟೇ. ಅಲ್ಲಿಯವರೆಗೆ ಅವರೆಲ್ಲ ಇದೇ ಸಭೆಯ ಅಟ್ಟದ ಮೇಲೆ ಕೂರುತ್ತಿದ್ದ ಜೀತದವರು ಎಂಬುದು ಇನ್ನೊಂದು ಪುಟದ ಅಡಿಟಿಪ್ಪಣಿಯಿಂದ ಗೊತ್ತಾಗಬೇಕು. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಗಂಟೆಯ ತೂಕ ಬರೆದಿಟ್ಟಿದ್ದಾರೆ, ಮುನ್ನೂರು ಜನರಲ್ಲಿ ಒಬ್ಬನ ಹೆಸರು ಇಲ್ಲವಲ್ಲ, ಇದು ಯಾವ ಸೀಮೆಯ ಚರಿತ್ರೆ ಎಂದು ಹೆಂಡತಿ ಕೆಂಪಕ್ಕನ ಮುಂದೆ ಕೂಗಾಡಿದರು. ಕೆಂಪಕ್ಕ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದವಳು ತಲೆ ಎತ್ತದೆ, ಅಮೆರಿಕಾದವರನ್ನು ಆಮೇಲೆ ಬೈಯಬಹುದು, ಮೊದಲು ನಮ್ಮದನ್ನು ಬರೆಯಿರಿ ಎಂದಳು.

ನಮ್ಮದೇನು, ಒಂದು ವಾರದ ಕೆಲಸ ಎಂದುಕೊಂಡಿದ್ದರು ಮೇಷ್ಟ್ರು. ಅಯ್ಯೋ ರಾಮ! (ಕ್ರೈಸ್ತರಾದರೂ ಬೇಸರ ಬಂದಾಗ ಅವರ ಬಾಯಿಗೆ ಬರುತ್ತಿದ್ದುದು ಇದೇ.) ಯಾರನ್ನು ಕೇಳಿದರೂ ಒಂದೊಂದು ಇಸವಿ, ಒಂದೊಂದು ಕತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಸಭೆಯ ಕಟ್ಟಡ ಮೊದಲು ಬಂತೋ ಹಾರ್ಮೋನಿಯಂ ಮೊದಲು ಬಂತೋ ಎಂಬುದರ ಮೇಲೆ ಇಬ್ಬರು ಷಡ್ಡಕರು ಆಡುತ್ತಿದ್ದ ಮಾತನ್ನೇ ಬಿಟ್ಟರು. ಮಿಸ್ಸಮ್ಮ ಆನೆಯ ಮೇಲೆ ಬಂದಿದ್ದಳೆಂದು ಒಬ್ಬಳು ಆಣೆ ಮಾಡಿ ಹೇಳಿದಳು. ಜಗಳೂರಿಗೆ ಆನೆ ಎಲ್ಲಿಂದ ಬಂತಮ್ಮ ಎಂದರೆ ಸಿಟ್ಟಾದಳು.

ಆಗ ಗಾದ್ರಪ್ಪ ಸಿದ್ಧ ಮಾಡಿಕೊಂಡ ಚರಿತ್ರೆಯೊಂದನ್ನು ಹಿಡಿದುಕೊಂಡು ಬಂದ. ಗಾದ್ರಪ್ಪ ಸಭೆಯ ಹಿರಿಯ. ಐವತ್ತರ ಹತ್ತಿರದ, ಕಟ್ಟುನಿಟ್ಟಿನ, ಮಾತಿಗೊಮ್ಮೆ ಕ್ರಮ ಕ್ರಮ ಎನ್ನುವ ಮನುಷ್ಯ. ಅವನ ಚರಿತ್ರೆ ಚಿಕ್ಕದು. ತನ್ನಪ್ಪ ಚಿಕ್ಕಹನುಮಂತಪ್ಪ ಸಾವಿರದ ಒಂಬೈನೂರ ಇಪ್ಪತ್ತೇಳರ ಏಪ್ರಿಲ್‌ನಲ್ಲಿ ಹೊನ್ನಾಳಿಯ ಹೊಳೆಯಲ್ಲಿ ಮಿಸ್ಸಮ್ಮ ಕರೆತಂದ ಪಾದ್ರಿಯ ಕೈಯಿಂದ ದೀಕ್ಷಾಸ್ನಾನ ತೆಗೆದುಕೊಂಡ, ರಿಜಿಸ್ಟರಿನಲ್ಲಿ ನಂಬರ್ ಒಂದು, ಅಲ್ಲಿಂದ ಸಭೆ ಶುರು. ಬ್ಯಾಪ್ಟಿಸ್ಟರಲ್ಲಿ ಹಣೆಗೆ ನೀರು ಚಿಮುಕಿಸಿದರೆ ನಡೆಯುವುದಿಲ್ಲ. ತಿಳಿವಳಿಕೆ ಬಂದವರು, ಒಪ್ಪಿಕೊಂಡು, ತಲೆಯಿಂದ ಕಾಲಿನವರೆಗೆ ಪೂರ್ತಿ ನೀರಿನೊಳಗೆ ಮುಳುಗಿ ಏಳಬೇಕು. ಜಗಳೂರಿನಂಥ ಒಣ ಸೀಮೆಯಲ್ಲಿ ಅಷ್ಟು ನೀರು ಎಲ್ಲಿದೆ? ಅದಕ್ಕೆ ಅವತ್ತು ಎತ್ತಿನ ಗಾಡಿಯಲ್ಲಿ ಮೂರು ದಿನದ ದಾರಿ ಹೊನ್ನಾಳಿಗೆ ಹೋದರು. ಇವತ್ತಿಗೂ ಬಸ್ಸಿನಲ್ಲಿ ಅಲ್ಲಿಗೇ ಹೋಗುತ್ತಾರೆ.

ಮೇಷ್ಟ್ರು ಅದನ್ನೇ ನಕಲು ಮಾಡಿ ಕಳಿಸಿ ಕೈತೊಳೆದುಕೊಳ್ಳುತ್ತಿದ್ದರೋ ಏನೋ. ಆದರೆ ಹೊನ್ನೂರಮ್ಮ ಇದ್ದಳು. ರಿಜಿಸ್ಟರಿನಲ್ಲಿ ನಂಬರ್ ಎರಡು ಅವಳು, ಮೊದಲಿನವರಲ್ಲಿ ಉಸಿರಿರುವವಳು ಅವಳೊಬ್ಬಳೇ. ಅರವತ್ತೇಳು ವರ್ಷ, ಒಂಟಿ ಜೀವ, ಶೇಂಗಾ ಸುಲಿಯುವ ಕೂಲಿ. ತಾಯಿ ಸತ್ತ ಗಾದ್ರಪ್ಪನನ್ನು ಎದೆಗೆ ಹಾಕಿಕೊಂಡು ಸಾಕಿದವಳೂ ಅವಳೇ. ಮೇಷ್ಟ್ರು ನೋಟು ಪುಸ್ತಕ ಹಿಡಿದುಕೊಂಡು ಹೋದರೆ ಅವಳು ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟು ಒಂದೇ ಮಾತು ಹೇಳಿದಳು.

"ನಮ್ಮವ್ವನ ಹೆಸ್ರು ಮೊದ್ಲು ಬರೀರಿ ಮೇಷ್ಟ್ರೇ. ಆಮೇಲೆ ಅಕಿನ್ನ ಗೋಡೆ ಒಳಗೆ ತಗೊಳ್ರಿ. ಮಿಕ್ಕಿದ್ದು ಆಮ್ಯಾಲೆ ಹೇಳ್ತೀನಿ."

ಗೋಡೆಯ ಕತೆ ಹೀಗೆ. ಊರಾಚೆ ಸಭೆಗೆ ಮಂಜೂರಾದ ಸಮಾಧಿ ಜಾಗ ಉದ್ದಕ್ಕಿದೆ. ದೀಕ್ಷಾಸ್ನಾನ ಆದವರು, ಅವರ ಹಸುಗೂಸುಗಳು ಬಡಗಣ ಭಾಗದಲ್ಲಿ. ಆಗದವರು ತೆಂಕಣ ಪಟ್ಟಿಯಲ್ಲಿ. ಇದು ಮಿಸ್ಸಮ್ಮನ ಕಾಲದಿಂದ ಬಂದ ರೂಢಿ. ತೆಂಕಣ ಪಟ್ಟಿಯಲ್ಲಿ ಇರುವುದು ಒಂದೇ ಸಮಾಧಿ, ಹೊನ್ನೂರಮ್ಮನ ತಾಯಿ ಸುಂಕಲಮ್ಮನದು. ಕಾಗದ ಬಂದ ವರ್ಷದ ಏಪ್ರಿಲ್‌ನಲ್ಲಿ ಬಡಗಣ ಭಾಗಕ್ಕೆ ಕಲ್ಲಿನ ಗೋಡೆ ಹಾಕಿಸಬೇಕೆಂದು ಸಭೆ ತೀರ್ಮಾನ ಮಾಡಿತ್ತು. ಗೋಡೆ ಎದ್ದರೆ ಊರಿನ ಕುರಿ ಹಿಂಡಿಗೆಲ್ಲ ತೆಂಕಣ ಪಟ್ಟಿಯೊಂದೇ ದಾರಿ. ಈಗಲೇ ಹೊನ್ನೂರಮ್ಮ ದಿನಾ ಸಂಜೆ ಕೋಲು ಹಿಡಿದುಕೊಂಡು ಹೋಗಿ ತಾಯಿಯ ಮೇಲೆ ಕುರಿ ಹಾಯದಂತೆ ಕಾಯುತ್ತಿದ್ದಳು. ಇನ್ನು ಮುಂದೆ ಒಬ್ಬ ಮುದುಕಿ ಎಷ್ಟು ಹಿಂಡು ತಡೆದಾಳು? ಎರಡು ಮಳೆಗಾಲ ಕಳೆದರೆ ಅಲ್ಲೊಂದು ಸಮಾಧಿ ಇತ್ತೆಂದು ಹೇಳುವವರೂ ಇರುವುದಿಲ್ಲ.

ಇಪ್ಪತ್ತು ಅಡಿ ಗೋಡೆ ಜಾಸ್ತಿ ಎಳೆದರೆ ಮುಗಿಯಿತಲ್ಲ ಎಂದು ಮೇಷ್ಟ್ರು ಗಾದ್ರಪ್ಪನಿಗೆ ಹೇಳಿ ನೋಡಿದರು. ಮುಗಿಯುವುದಿಲ್ಲ ಎಂದ ಗಾದ್ರಪ್ಪ. ಮುಳುಗದವಳನ್ನು ಒಳಗೆ ತೆಗೆದುಕೊಂಡರೆ ನಾಳೆ ಯಾರು ಯಾರನ್ನೋ ತೆಗೆದುಕೊಳ್ಳಬೇಕಾಗುತ್ತದೆ, ರಿಜಿಸ್ಟರಿನಲ್ಲಿ ಹೆಸರಿದ್ದರೆ ತೋರಿಸಿ ಎಂದ. ಇತ್ತ ಹೊನ್ನೂರಮ್ಮನ ಹತ್ತಿರ ಹೋದರೆ, ನಮ್ಮವ್ವ ಮುಳುಗಿದ್ದಳು, ನಾನೇ ಕಣ್ಣಾರೆ ಕಂಡಿದ್ದೇನೆ ಎಂದಳು. ಯಾವ ನೀರಿನಲ್ಲಿ? ಕುರಿಯ ಕಲ್ಲುಬಾನಿಯಲ್ಲಿ!

ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. ಕುರಿಗೆ ನೀರು ಕುಡಿಸುವ ಕಲ್ಲುಬಾನಿ! ಇದನ್ನು ಇಂಗ್ಲಿಷಿನಲ್ಲಿ ಬರೆದು ಅಮೆರಿಕಾಕ್ಕೆ ಕಳಿಸಬೇಕೇ? ಮನೆಗೆ ಬಂದು ರೇಗಾಡಿದರೆ ಕೆಂಪಕ್ಕ, ಹಾಗಾದರೆ ನೀವು ಯಾರ ಕಡೆ ಎಂದು ಕೇಳಿದಳು. ಚರಿತ್ರೆ ಬರೆಯುವವನು ಯಾರ ಕಡೆಯೂ ಇರಬಾರದು, ಕಾರ್ಯದರ್ಶಿಯಂತೂ ಇರಲೇಬಾರದು ಎಂದರು ಮೇಷ್ಟ್ರು. ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡುವುದು ನಿಮಗೆ ಹುಟ್ಟುಗುಣ ಎಂದು ಕೆಂಪಕ್ಕ ಒಲೆಯ ಕಡೆ ತಿರುಗಿದಳು.

ಹಳೆಯ ರಿಜಿಸ್ಟರು ಇದ್ದುದು ಚನ್ನಗಿರಿಯಲ್ಲಿ, ಸಭಾಪಾಲಕರ ಮನೆಯಲ್ಲಿ. ಮೇಷ್ಟ್ರು ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಸಂತೇಬೆನ್ನೂರಿನಲ್ಲಿ ಸಂತೆಯ ಜನ ಮೂಟೆ ಸಮೇತ ಮೈಮೇಲೆ ಬಂದು ಕೂತು, ಮಧ್ಯಾಹ್ನ ಎರಡಕ್ಕೆ ಹೋಗಿ ಮುಟ್ಟಿದರು. ಜಯಪ್ಪನವರು ಪೆಟ್ಟಿಗೆಯಿಂದ ತೆಗೆದುಕೊಟ್ಟ ರಿಜಿಸ್ಟರಿನಲ್ಲಿ ಗಾದ್ರಪ್ಪ ಹೇಳಿದ್ದೆಲ್ಲ ಅಕ್ಷರಶಃ ಇತ್ತು. ನಂಬರ್ ಒಂದು ಚಿಕ್ಕಹನುಮಂತಪ್ಪ, ನಂಬರ್ ಎರಡು ಹೊನ್ನೂರಮ್ಮ. ಆದರೆ ಮೊದಲನೇ ಹಾಳೆಗೂ ಹಿಂದಿನ ಖಾಲಿ ಹಾಳೆಯಲ್ಲಿ ಮಿಸ್ಸಮ್ಮನ ಕೈಬರಹದ ಎರಡು ಸಾಲು ಇಂಗ್ಲಿಷಿತ್ತು. ಸುಂಕಲಮ್ಮ, ವಿಧವೆ, ಕ್ರಮಬದ್ಧವಲ್ಲ. ಒಂದು ಮೊಣಕಾಲು ನೀರಿನ ಮೇಲಿತ್ತೆಂದು ಮುಳುಗಿಸಿದವನೇ ವರದಿ ಮಾಡಿದ್ದಾನೆ.

ಮೇಷ್ಟ್ರು ಅದನ್ನು ಮೂರು ಸಲ ಓದಿದರು. ಹೆಣ್ಣುಮಗಳ ಇಡೀ ದೇಹ ಮುಳುಗಿದ್ದು ಲೆಕ್ಕಕ್ಕಿಲ್ಲ, ಹಿಡಿಯಷ್ಟು ಮೊಣಕಾಲು ಮೇಲುಳಿದದ್ದು ಐವತ್ಮೂರು ವರ್ಷದಿಂದ ರಿಜಿಸ್ಟರಿನಲ್ಲಿ ಕೂತಿದೆ! ಜಯಪ್ಪನವರು ಮೆಲ್ಲನೆ, ನಿಯಮ ಅಂದರೆ ನಿಯಮ ಮೇಷ್ಟ್ರೇ, ಆದರೂ ನನಗೇನೋ ಪಾಪ ಅನಿಸುತ್ತದೆ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಮೇಷ್ಟ್ರ ತುದಿನಾಲಿಗೆಗೆ ಬಂತು. ಕಾಫಿ ಕೊಟ್ಟ ಮನೆ, ನುಂಗಿಕೊಂಡರು. ಮುಳುಗಿಸಿದವನು ಯಾರು ಎಂದು ಕೇಳಿದ್ದಕ್ಕೆ, ಅದನ್ನು ತಿಳಿದವನು ಒಬ್ಬನಿದ್ದಾನೆ, ನ್ಯಾಮತಿಯಲ್ಲಿ ಮಗಳ ಮನೆಯಲ್ಲಿರುವ ಮೂಕಪ್ಪ ಎಂಬ ಕುರಿಗಾರ, ಆ ಕಲ್ಲುಬಾನಿ ಅವರ ಮನೆಯದೇ ಎಂದು ಜಯಪ್ಪನವರು ಹೇಳಿದರು.

ಮುಂದಿನ ವಾರ ನ್ಯಾಮತಿ. ಮೂಕಪ್ಪನಿಗೆ ಎಪ್ಪತ್ಮೂರು, ಕಣ್ಣು ಮಂಜು, ಹೆಸರಿಗೆ ಮಾತ್ರ ಮೂಕ. ಮೊದಲು ಒಂದು ತಾಸು ಕುರಿಗಳ ಬಗ್ಗೆ ಮಾತಾಡಿದ. ಯಾವ ಟಗರು ಯಾವ ವರ್ಷ ಯಾವ ಸಂತೆಯಲ್ಲಿ ಹೋಯಿತು ಎಂಬುದೆಲ್ಲ ಬಂತು, ಸುಂಕಲಮ್ಮ ಬರಲಿಲ್ಲ. ಮೇಷ್ಟ್ರು ಬಸ್ಸಿನ ಹೊತ್ತು ನೋಡಿಕೊಳ್ಳುತ್ತ ಹಲ್ಲು ಕಚ್ಚಿ ಕೂತರು. ಕೊನೆಗೆ ಅವನೇ ದಾರಿಗೆ ಬಂದ.

ಅದು ಇಪ್ಪತ್ತಾರರ ಬೇಸಿಗೆ. ಮಳೆಯಿಲ್ಲದ ಎರಡನೇ ವರ್ಷ. ಸುಂಕಲಮ್ಮ ಸಂತೆಯಲ್ಲಿ ಪುಸ್ತಕ ಮಾರುವವನೊಬ್ಬನಿಂದ ಯೇಸುವಿನ ಕತೆಯ ಚಿಕ್ಕ ಪುಸ್ತಕ ಕೊಂಡು ತಂದಿದ್ದಳು. ಅವಳಿಗೆ ಅಕ್ಷರ ಬರುವುದಿಲ್ಲ. ಓದು ಬರುತ್ತಿದ್ದ ಚಿಕ್ಕಹನುಮಂತಪ್ಪನನ್ನು ದಿನಾ ಸಂಜೆ ಕೂಗಿ ತನ್ನ ಅಂಗಳದಲ್ಲಿ ಕೂರಿಸಿ ಓದಿಸುತ್ತಿದ್ದಳು. ಕೇಳಲು ಬರುವವರು ನಾಲ್ವರು ಎಂಟಾಗಿ, ಎಂಟು ಇಪ್ಪತ್ತಾದರು. ಮಿಸ್ಸಮ್ಮ ಎಂಬುವಳೊಬ್ಬಳು ದೂರದ ಊರಿನಲ್ಲಿದ್ದಾಳೆ ಎಂದು ಪುಸ್ತಕದವನಿಂದ ತಿಳಿದು ಕಾಗದ ಬರೆಸಿದರು. ಮಳೆಯಾದ ಮೇಲೆ ಬರುತ್ತೇನೆ ಎಂದು ಉತ್ತರ ಬಂತು. ಅಷ್ಟರಲ್ಲಿ ಸುಂಕಲಮ್ಮನಿಗೆ ಜ್ವರ ಹಿಡಿಯಿತು, ಬಿಡಲಿಲ್ಲ. ಮಳೆಯವರೆಗೆ ತಾನಿರುವುದಿಲ್ಲ, ಪುಸ್ತಕದಲ್ಲಿ ಬರೆದಂತೆ ತನ್ನನ್ನು ಮುಳುಗಿಸಿಬಿಡಿ ಎಂದು ಹಟ ಹಿಡಿದಳು. ಕೆರೆಯಲ್ಲಿ ಬಿರುಕು, ಬಾವಿಯಲ್ಲಿ ಕೆಸರು. ಕುಡಿಯುವ ನೀರಿಗೆ ಎರಡು ಮೈಲಿ ನಡೆಯಬೇಕು. ಆಗ ಅಂಗಳಕ್ಕೆ ಬರುತ್ತಿದ್ದ ಹೆಂಗಸರು ತಮ್ಮ ತಮ್ಮ ಮನೆಯ ಅವತ್ತಿನ ನೀರನ್ನು ಒಂದೊಂದು ಕೊಡ ತಂದು ಮೂಕಪ್ಪನ ಮನೆಯ ಕಲ್ಲುಬಾನಿಗೆ ಸುರಿದರು. ಹತ್ತೊಂಬತ್ತು ಕೊಡ. ಹದಿನಾಲ್ಕು ವರ್ಷದ ಹೊನ್ನೂರಮ್ಮನದೂ ಒಂದು.

"ಬಾನಿ ಗಿಡ್ಡ, ಆಯಮ್ಮ ಉದ್ದ," ಎಂದ ಮೂಕಪ್ಪ. "ಚಿಕ್ಕಹನುಮಂತಪ್ಪ ತಲಿ ಮುಳುಗ್ಸಿದ್ರೆ ಕಾಲು ಏಳ್ತಿದ್ವು, ಕಾಲು ಒತ್ತಿದ್ರೆ ತಲಿ ಏಳ್ತಿತ್ತು. ಎಲ್ಲಾ ಮುಳುಗಿ ಒಂದು ಮೊಣಕಾಲು ಮ್ಯಾಲೆ ಉಳೀತು. ನಾನು ಅಲ್ಲೇ ನಿಂತಿದ್ನಲ್ಲ, ಬೊಗಸೇಲಿ ನೀರು ತಗೊಂಡು ಅದರ ಮ್ಯಾಲೆ ಹೊಯ್ದೆ. ಒಣಗಿಲ್ಲ ಸ್ವಾಮಿ, ಪೂರಾ ತೊಯ್ದಿತ್ತು."

ಹನ್ನೊಂದು ದಿನಕ್ಕೆ ಸುಂಕಲಮ್ಮ ತೀರಿಕೊಂಡಳು. ಮಳೆಯಾಯಿತು, ಮಿಸ್ಸಮ್ಮ ಬಂದಳು. ಅವಳು ವಿಚಾರಿಸಿದಾಗ ಚಿಕ್ಕಹನುಮಂತಪ್ಪ ಇದ್ದದ್ದು ಇದ್ದ ಹಾಗೆ ಮೊಣಕಾಲಿನ ಸಮೇತ ಹೇಳಿದ. ಸುಳ್ಳು ಹೇಳಬಾರದೆಂದು ಅವನೇ ಓದಿದ್ದನಲ್ಲ! ಬ್ಯಾಪ್ಟಿಸ್ಟರ ಕ್ರಮ ತಿಳಿಯದ ಜನ ಕ್ರಮವನ್ನು ಉಳಿಸಲು ಹೋಗಿ ಬಾನಿ ಹುಡುಕಿದರು, ಮತ್ತೆ ಅದೇ ಜನ ಸತ್ಯ ಉಳಿಸಲು ಹೋಗಿ ಬಾನಿಯನ್ನು ಕೆಡಿಸಿದರು. ಇಂಥವರ ಚರಿತ್ರೆ ಬರೆಯುವ ಕರ್ಮ ತನಗೇ ಯಾಕೆ ಬಂತು ಎಂದು ಮೇಷ್ಟ್ರು ಸವಳಂಗದ ಕಡೆಯಿಂದ ಬರುವ ಬಸ್ಸಿಗೆ ಕಾಯುತ್ತ ಅಂದುಕೊಂಡರೂ ಸಿಟ್ಟು ಬರಲಿಲ್ಲ, ನೋಟು ಪುಸ್ತಕ ತೆಗೆದು ಹತ್ತೊಂಬತ್ತು ಕೊಡ ಎಂದು ಬರೆದುಕೊಂಡರು. ಬರಗಾಲದಲ್ಲಿ ಹತ್ತೊಂಬತ್ತು ಮನೆಯವರು ಅವತ್ತು ಬಾಯಾರಿಕೊಂಡು ಕೂತಿದ್ದರು. ಸಭೆ ಶುರುವಾದದ್ದು ಅಲ್ಲಿ, ಇನ್ನೆಲ್ಲೂ ಅಲ್ಲ.

ಮೇಷ್ಟ್ರು ಬರೆದರು. ಐದು ಪುಟ, ಇದ್ದದ್ದು ಇದ್ದ ಹಾಗೆ. ಶುರು ಮಾಡಿದವಳು ಸುಂಕಲಮ್ಮ, ಇಪ್ಪತ್ತಾರನೇ ಇಸವಿ, ಅವಳ ಅಂಗಳದಲ್ಲಿ. ರಿಜಿಸ್ಟರಿನ ಮೊದಲನೇ ಸದಸ್ಯ ಚಿಕ್ಕಹನುಮಂತಪ್ಪ, ಇಪ್ಪತ್ತೇಳನೇ ಇಸವಿ, ಹೊನ್ನಾಳಿ ಹೊಳೆ. ಹೊನ್ನೂರಮ್ಮನಿಂದ ಕೇಳಿ ಹತ್ತೊಂಬತ್ತು ಮನೆಯ ಹೆಂಗಸರ ಹೆಸರನ್ನೂ ಸೇರಿಸಿದರು. ಅವಳು ಒಬ್ಬೊಬ್ಬರನ್ನೇ ನೆನಪು ಮಾಡಿಕೊಂಡು, ಕಾಟಮ್ಮ ಎಡಗೈಯಲ್ಲಿ ಕೊಡ ಹೊತ್ತಿದ್ದಳು ಎಂಬುದನ್ನೂ ಬಿಡದೆ ಹೇಳಿದಳು. ಹೇಳಿ ಮುಗಿಸಿ, ಚರಿತ್ರೆ ಆಯಿತು, ಗೋಡೆ ಯಾವಾಗ ಎಂದು ಕೇಳಿದಳು. ದೀಪಾವಳಿ ಕಳೆದು ನವೆಂಬರ್ ಮೊದಲನೇ ಸೋಮವಾರ ಗೋಡೆ ಕಟ್ಟುವವರು ಬರುವುದಿತ್ತು.

ಅದರ ಹಿಂದಿನ ಭಾನುವಾರ ಸಾಮಾನ್ಯ ಸಭೆ ಸೇರಿತು. ಇಲ್ಲಿ ಬಿಷಪ್ ಇಲ್ಲ, ಮೇಲಿನವರ ಹುಕುಂ ಇಲ್ಲ. ಏನೇ ಆಗಲಿ, ದೀಕ್ಷಾಸ್ನಾನ ಆದ ಗಂಡಸು ಹೆಂಗಸು ಎಲ್ಲರೂ ಕೈ ಎತ್ತಿ ತೀರ್ಮಾನ ಮಾಡಬೇಕು. ಹಾರ್ಮೋನಿಯಂ ಮೇಲೆ ಹೊದಿಸುವ ಬಟ್ಟೆಯ ಬಣ್ಣಕ್ಕೂ ಒಮ್ಮೆ ಕೈ ಎತ್ತಿದ್ದರು. ಸಭಾಪಾಲಕರು ಅಧ್ಯಕ್ಷರಾದ್ದರಿಂದ ಅವರು ಎತ್ತುವ ಹಾಗಿಲ್ಲ. ಕಾರ್ಯದರ್ಶಿ ಎತ್ತಬಾರದೆಂದು ಎಲ್ಲೂ ಬರೆದಿಲ್ಲ. ಮೇಷ್ಟ್ರು ತಾವಾಗಿಯೇ ಹನ್ನೊಂದು ವರ್ಷದಿಂದ ಎತ್ತಿರಲಿಲ್ಲ. ಎಲ್ಲರಿಗೂ ಬೇಕಾದವನು ಯಾರಿಗೂ ಕೈ ಎತ್ತಬಾರದು ಎಂಬುದು ಅವರ ಹೆಮ್ಮೆ.

ಅವರು ಐದು ಪುಟವನ್ನೂ ಓದಿದರು. ಹತ್ತೊಂಬತ್ತು ಹೆಸರು ಓದುವಾಗ ಹೆಂಗಸರ ಕಡೆ ಯಾರೋ ಮೂಗು ಒರೆಸಿಕೊಂಡರು. ಗಾದ್ರಪ್ಪ ಎದ್ದು ಚರಿತ್ರೆ ಚೆನ್ನಾಗಿದೆ, ಕಳಿಸಲಿಕ್ಕೆ ತನ್ನದೇನೂ ತಕರಾರಿಲ್ಲ ಎಂದ. ಆದರೆ ಗೋಡೆ ಬೇರೆ ಮಾತು. ನನ್ನ ಸ್ವಂತ ಅಪ್ಪನ ಬಾಯಿಂದಲೇ ಮೊಣಕಾಲು ಮೇಲಿತ್ತೆಂದು ಬಂದಿದೆ, ಅದರ ಮೇಲೆ ಸಭೆಗೆ ಸೇರದ ಕುರಿಗಾರ ನೀರು ಹೊಯ್ದದ್ದನ್ನು ದೀಕ್ಷಾಸ್ನಾನ ಎಂದು ಒಪ್ಪಿದರೆ ನಾವು ಪ್ರತಿವರ್ಷ ಹೊನ್ನಾಳಿಗೆ ಬಸ್ ಹತ್ತುವುದಾದರೂ ಯಾಕೆ ಎಂದು ಕೇಳಿದ. ಕೇಳಿದ ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ. ಅದೇ ಮೇಷ್ಟ್ರಿಗೆ ರೇಗುತ್ತಿದ್ದುದು. ತಪ್ಪು ಹುಡುಕಲು ಹೋದರೆ ಎಲ್ಲರೂ ಸರಿಯಾಗಿಯೇ ಮಾತಾಡುತ್ತಿದ್ದರು, ಸತ್ತವಳ ಮೇಲೆ ಮಾತ್ರ ಕುರಿ ಹಾಯುತ್ತಿತ್ತು.

ಎರಡು ತಾಸು ವಾದ ನಡೆಯಿತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳಿದರು, ಅದನ್ನೇ ಮತ್ತೊಬ್ಬರು ಏರುದನಿಯಲ್ಲಿ ಹೇಳಿದರು. ಮೇಷ್ಟ್ರ ತಲೆ ಚಿಟ್ಟು ಹಿಡಿಯಿತು. ತಾನು ಮಾಡುವುದನ್ನು ಮಾಡಿಯಾಯಿತು, ಎರಡು ಊರು ಸುತ್ತಿ ಸತ್ಯ ತಂದು ಮುಂದಿಟ್ಟಾಯಿತು, ಇನ್ನು ಈ ಉಸಾಬರಿ ತನಗೆ ಬೇಡ, ಏನಾದರೂ ಮಾಡಿಕೊಳ್ಳಲಿ ಎಂದುಕೊಂಡು ನಡಾವಳಿ ಪುಸ್ತಕದ ಮೇಲೆ ಬಗ್ಗಿದರು.

ಜಯಪ್ಪನವರು ಕೈ ಎತ್ತಿಸಿದರು. ಗೋಡೆಯನ್ನು ಸುಂಕಲಮ್ಮನ ಸಮಾಧಿಯ ಆಚೆಗೆ ಹಾಕಬೇಕೆನ್ನುವವರು? ಕೆಂಪಕ್ಕ ಎಲ್ಲರಿಗಿಂತ ಮೊದಲು ಎತ್ತಿದಳು. ಎಣಿಸಿದರು, ಹದಿನೈದು. ಬೇಡವೆನ್ನುವವರು? ಎಣಿಸಿದರು, ಹದಿನೈದು. ಜಯಪ್ಪನವರು ಇನ್ನೊಮ್ಮೆ ಎಣಿಸಿದರು. ಆಮೇಲೆ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಹದಿನೈದು ಎಂದು ಎರಡು ಕಡೆ ಬರೆದು, ಅಡಿಗೆರೆ ಎಳೆದು, ಶಾಯಿ ಆರಲೆಂದು ಊದುತ್ತಿದ್ದರು. ಸಮಸಮ ಬಂದರೆ ಠರಾವು ಬಿದ್ದಂತೆ. ಬಿದ್ದ ಠರಾವನ್ನು ಮತ್ತೆ ಒಂದು ವರ್ಷ ಎತ್ತುವ ಹಾಗಿಲ್ಲ. ಅದೂ ಈ ಸಭೆಯೇ ಕೈ ಎತ್ತಿ ಮಾಡಿಕೊಂಡ ನಿಯಮ.

ಮನೆಗೆ ಹೋದ ಮೇಲೆ ಕೆಂಪಕ್ಕ ಊಟಕ್ಕೆ ಬಡಿಸಿ, ಎದುರಿಗೆ ಕೂತು ಕೇಳಿದ್ದು ಒಂದೇ ಮಾತು.

"ಅಮೆರಿಕಾದೋರು ಮುನ್ನೂರು ಜನರ ಹೆಸ್ರು ಬರೀಲಿಲ್ಲ ಅಂತ ಊರೆಲ್ಲಾ ಕೇಳಂಗೆ ಬೈದ್ರಲ್ಲ. ನೀವು ಹತ್ತೊಂಬತ್ತು ಹೆಸ್ರು ಬರ್ದು ಏನು ಮಾಡಿದ್ರಿ?"

ಮೇಷ್ಟ್ರು ರೇಗಿದರು. ಕಾರ್ಯದರ್ಶಿಯ ಧರ್ಮ ಏನೆಂದು ವಿವರಿಸಿದರು. ವಿವರಿಸುತ್ತ ವಿವರಿಸುತ್ತ ತಮ್ಮ ಮಾತು ತಮಗೇ ಗಾದ್ರಪ್ಪನ ಮಾತಿನಂತೆ ಕೇಳಿಸತೊಡಗಿ ಅರ್ಧಕ್ಕೆ ನಿಲ್ಲಿಸಿದರು.

ಸೋಮವಾರ ಕಲ್ಲು ಬಂತು. ಮೂರು ವಾರದಲ್ಲಿ ಎದೆಮಟ್ಟದ ಗೋಡೆ ಎದ್ದಿತು. ಕುರಿ ಹಿಂಡೆಲ್ಲ ತೆಂಕಣ ಪಟ್ಟಿಗೆ ತಿರುಗಿದವು. ಮೇಷ್ಟ್ರು ಎರಡು ಸಂಜೆ ಹೊನ್ನೂರಮ್ಮನ ಜೊತೆ ನಿಂತು ಕುರಿ ಅಟ್ಟಲು ಹೋದರು. ಎರಡನೇ ದಿನ ಅವಳು, ನಿಮಗೆ ಅಟ್ಟುವುದಕ್ಕೆ ಬರುವುದಿಲ್ಲ, ಮನೆಗೆ ಹೋಗಿ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೋಗುವಾಗ ಒಂದು ಅರ್ಜಿ ಬರೆದುಕೊಡಿ ಎಂದು ಕೇಳಿದಳು. ಏನೆಂದು ಬರೆಯಬೇಕು ಎಂದರೆ, ಸಭೆಯ ರಿಜಿಸ್ಟರಿನಿಂದ ತನ್ನ ಹೆಸರು ಹೊಡೆದು ಹಾಕಬೇಕೆಂದು ಬರೆಯಿರಿ ಎಂದಳು. ಹೆಸರಿದ್ದವರನ್ನು ಗೋಡೆಯ ಒಳಗೆ ಹೂಳುತ್ತಾರೆ. ಹೆಸರಿಲ್ಲದಿದ್ದರೆ ಅವ್ವನ ಪಕ್ಕದಲ್ಲಿ ಹೂಳಲೇಬೇಕಲ್ಲ.

ಮೇಷ್ಟ್ರು ಬೇಡವೆಂದು ಹೇಳಲು ಬಾಯಿ ತೆರೆದರು. ಯಾವ ಮುಖ ಇಟ್ಟುಕೊಂಡು ಹೇಳುವುದು? ಬರೆದುಕೊಟ್ಟರು. ಅವಳು ಎಡಗೈ ಹೆಬ್ಬೆಟ್ಟು ಒತ್ತಿದಳು.

ಡಿಸೆಂಬರ್ ಮೊದಲನೇ ಭಾನುವಾರ ಜಯಪ್ಪನವರು ಬಂದರು, ಅರ್ಜಿ ಸಭೆಯ ಮುಂದೆ ಬಂತು. ಓದಿದ್ದೇ ತಡ, ಅಲ್ಲಿ ಎದ್ದ ಗೋಳು ಹೇಳತೀರದು. ಹೋದ ತಿಂಗಳು ಬೇಡವೆಂದು ಕೈ ಎತ್ತಿದ್ದ ಹೆಂಗಸರೇ ಎದ್ದುಹೋಗಿ ಅವಳ ಕೈ ಹಿಡಿದುಕೊಂಡರು. ನಮಗೆ ಹಾಡು ಕಲಿಸಿದವಳು, ನಮ್ಮ ಹೆರಿಗೆ ಮಾಡಿಸಿದವಳು, ನೀನಿಲ್ಲದೆ ಸಭೆ ಉಂಟೇ ಎಂದು ಒಬ್ಬರಾದ ಮೇಲೊಬ್ಬರು ಎದ್ದುನಿಂತು ಸಾಕ್ಷಿ ಹೇಳಿದರು. ಗಾದ್ರಪ್ಪನಂತೂ ಎಲ್ಲರೆದುರು ಅತ್ತ. ಸುಳ್ಳು ಅಳು ಅಲ್ಲ, ಹೆತ್ತ ತಾಯಿಯನ್ನು ಕಳೆದುಕೊಂಡವನ ಅಳು.

"ಯವ್ವಾ, ನೀನು ಹೊರಗೆ ಮಲಗಿದ್ರೆ ನಾನು ಒಳಗೆ ಹೆಂಗೆ ಮಲಗ್ಲಿ?" ಎಂದ.

"ನಾನೂ ಅದನ್ನೇ ಕೇಳಿದ್ನಲ್ಲಪ್ಪ," ಎಂದಳು ಹೊನ್ನೂರಮ್ಮ.

ಗಾದ್ರಪ್ಪನಿಗೆ ಅದು ಅರ್ಥವಾಯಿತೋ ಇಲ್ಲವೋ, ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಕೂತ. ಇಷ್ಟು ಪ್ರೀತಿ ಇಟ್ಟುಕೊಂಡು ಈ ಜನ ಹೋದ ತಿಂಗಳು ಎಲ್ಲಿಗೆ ಹೋಗಿದ್ದರು ಎಂದು ಮೇಷ್ಟ್ರಿಗೆ ಎಲ್ಲರ ಮೇಲೂ ಕೂಗಬೇಕೆನಿಸಿತು. ಕೂಗಲು ತನಗೆ ಅರ್ಹತೆ ಇಲ್ಲವೆಂಬುದು ಮರುಕ್ಷಣವೇ ನೆನಪಾಯಿತು. ಈ ಕೋಣೆಯಲ್ಲಿ ಆ ಹದಿನೈದು ಜನರಾದರೂ ತಮಗೆ ತೋಚಿದ್ದಕ್ಕೆ ಕೈ ಎತ್ತಿದ್ದರು.

ಜಯಪ್ಪನವರು ಕ್ಷೀಣ ದನಿಯಲ್ಲಿ, ನಿಯಮದ ಪ್ರಕಾರ ಕೇಳಲೇಬೇಕು, ಅರ್ಜಿ ಹಾಕಿದವರು ಎತ್ತುವಂತಿಲ್ಲ, ಉಳಿದವರಲ್ಲಿ ಹೊನ್ನೂರಮ್ಮನವರ ಹೆಸರು ತೆಗೆದುಹಾಕಬೇಕೆನ್ನುವವರು ಕೈ ಎತ್ತಿ ಎಂದರು.

ಯಾರೂ ಎತ್ತಲಿಲ್ಲ. ಕೆಂಪಕ್ಕನೂ ಎತ್ತಲಿಲ್ಲ, ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಮೇಷ್ಟ್ರು ಪೆನ್ನಿಗೆ ಟೊಪ್ಪಿಗೆ ಹಾಕಿದರು, ಪುಸ್ತಕ ಮುಚ್ಚಿದರು, ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ಬಲಗೈ ಎತ್ತಿದರು. ಅವಳು ಕೇಳಿದ್ದನ್ನು ಒಂದನ್ನಾದರೂ ಕೊಡಬೇಕೆಂದು ಎತ್ತಿದರು. ಸಭೆಗೆ ಸಭೆಯೇ ತಿರುಗಿ ನೋಡಿತು. ಯಾರೋ ಛೀ ಎಂದರು. ಜಯಪ್ಪನವರು ಒಂದು ಎಂದು ಎಣಿಸಿದರು, ವಿರುದ್ಧ ಇಪ್ಪತ್ತೊಂಬತ್ತು ಎಂದು ಎಣಿಸಿದರು, ಅರ್ಜಿ ಬಿತ್ತು ಎಂದು ಹೇಳಿದರು. ಸಭೆಯವರು ಗೆದ್ದ ಖುಷಿಯಲ್ಲಿ ಹೊನ್ನೂರಮ್ಮನನ್ನು ಸುತ್ತಿಕೊಂಡರು.

ಅವಳು ಅವರನ್ನೆಲ್ಲ ಮೆಲ್ಲಗೆ ಸರಿಸಿ ಮೇಜಿನ ಹತ್ತಿರ ಬಂದಳು. ಮೇಷ್ಟ್ರ ಕೈ ಇನ್ನೂ ಇಳಿದಿರಲಿಲ್ಲ.

"ಇಳಿಸ್ರಿ ಮೇಷ್ಟ್ರೇ," ಎಂದಳು. "ಇದೇ ಕೈ ಹೋದ ತಿಂಗ್ಳು ಎತ್ತಿದ್ರೆ ಸಾಕಿತ್ತು."